ಲ್ಯಾಪ್‌ಟಾಪ್ ವೇಗದ ಏರಿಳಿತ: ತಡೆಯಬೇಕೇ? ನಾನು ಮಾಡಿ ನೋಡಿದ್ದು

ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಇಂಟೆಲ್ ಕೋರ್ ಐ5-8250ಯು. 2017ರಲ್ಲಿ ಬಂದ ಪ್ರೊಸೆಸರ್. ನಾಲ್ಕು ಕೋರ್ (ಒಟ್ಟಿಗೆ ದುಡಿಯುವ ಘಟಕ), ಮೂಲ ವೇಗ 1.6 ಗಿಗಾಹರ್ಟ್ಸ್, ಬೇಕಾದಾಗ ಅದನ್ನು ಮೀರುವ ಟರ್ಬೊದಲ್ಲಿ 3.4. ಇದರ ಮೇಲೆ ನಾನು ಹೇರುವ ದೊಡ್ಡ ಕೆಲಸ ಒಂದೇ: ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳನ್ನು ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸೆರಾಕ್ಟ್ ತಂತ್ರಾಂಶಕ್ಕೆ ಕೊಟ್ಟು ಪಠ್ಯ ತೆಗೆಯುವುದು. ದಪ್ಪ ಪುಸ್ತಕವಾದರೆ ನಾಲ್ಕೂ ಕೋರ್‌ಗಳು ಬಿಡುವಿಲ್ಲದೆ ದುಡಿಯಬೇಕು. ನಾನಿರುವುದು ರಾಯಚೂರಿನಲ್ಲಿ, ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಹಾಗಾಗಿ ವೇಗ ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ ಎಂದು ಕೂತು ನೋಡಲೇಬೇಕಾಯಿತು.

ಲಿನಕ್ಸ್‌ನಲ್ಲಿ ನೋಡುವುದು ಸುಲಭ. ಒಂದು ಟರ್ಮಿನಲ್‌ನಲ್ಲಿ ಪ್ರತಿ ಕೋರ್‌ನ ವೇಗ ಸೆಕೆಂಡಿಗೊಮ್ಮೆ ಬರುವಂತೆ ಮಾಡಿಕೊಂಡೆ, ಪಕ್ಕದ ಇನ್ನೊಂದರಲ್ಲಿ ತಾಪಮಾನ. ಸುಮ್ಮನಿದ್ದಾಗ 400ರಿಂದ 800 ಮೆಗಾಹರ್ಟ್ಸ್. ಬ್ರೌಸರ್ ತೆರೆದ ಕ್ಷಣ ಒಂದೆರಡು ಕೋರ್‌ಗಳು 3 ಗಿಗಾಹರ್ಟ್ಸ್ ಮೇಲೆ ಹಾರಿ, ಪುಟ ಬಂದ ಕೂಡಲೇ ಮತ್ತೆ ಕೆಳಗೆ. ಟೆಸೆರಾಕ್ಟ್ ಶುರು ಮಾಡಿದರೆ ನಾಲ್ಕೂ ಕೋರ್‌ಗಳು 3ರ ಮೇಲೆ ಓಡುತ್ತವೆ, ಅರ್ಧ ನಿಮಿಷ ಕಳೆಯುವಷ್ಟರಲ್ಲಿ 2.4ರ ಆಸುಪಾಸಿಗೆ ಬಂದು ಅಲ್ಲೇ ನಿಲ್ಲುತ್ತವೆ.

ಆ ಅರ್ಧ ನಿಮಿಷದ ಹಿಂದೆ ಲೆಕ್ಕವಿದೆ. ಈ ಪ್ರೊಸೆಸರ್ ದೀರ್ಘಕಾಲ ಬಳಸಬಹುದಾದ ಶಕ್ತಿ 15 ವ್ಯಾಟ್. ಸ್ವಲ್ಪ ಹೊತ್ತು ಅದಕ್ಕಿಂತ ಎಷ್ಟೋ ಹೆಚ್ಚು ಬಳಸಲು ಅನುಮತಿ ಇರುತ್ತದೆ. ಎಷ್ಟು, ಎಷ್ಟು ಹೊತ್ತು ಎಂಬುದನ್ನು ಲ್ಯಾಪ್‌ಟಾಪ್ ತಯಾರಿಸಿದವರು ನಿಗದಿ ಮಾಡಿರುತ್ತಾರೆ. ಅವಧಿ ಮುಗಿದ ಮೇಲೆ 15 ವ್ಯಾಟ್‌ನೊಳಗೆ ಎಷ್ಟು ವೇಗ ಸಾಧ್ಯವೋ ಅಷ್ಟೇ. ವೇಗ ಹೆಚ್ಚಿಸಬೇಕಾದರೆ ವೋಲ್ಟೇಜ್ ಕೂಡ ಹೆಚ್ಚಿಸಬೇಕು, ಖರ್ಚಾಗುವ ಶಕ್ತಿಯಾದರೋ ವೇಗ ಮತ್ತು ವೋಲ್ಟೇಜಿನ ವರ್ಗ ಎರಡನ್ನೂ ಗುಣಿಸಿದಷ್ಟು. ಆದ್ದರಿಂದ ಮೇಲಿನ ತುದಿಯ ಪ್ರತಿ 100 ಮೆಗಾಹರ್ಟ್ಸ್ ತುಂಬಾ ದುಬಾರಿ. ಕೆಲಸವಿಲ್ಲದಾಗ ಕೆಳಗಿಳಿಯುವುದೂ ಇದೇ ಕಾರಣಕ್ಕೆ. ಇಂಟೆಲ್ 2000ದಲ್ಲಿ ಲ್ಯಾಪ್‌ಟಾಪ್‌ಗಳ ಮೊಬೈಲ್ ಪೆಂಟಿಯಂ 3ಕ್ಕೆ ವೇಗ ಬದಲಿಸುವ ಸ್ಪೀಡ್‌ಸ್ಟೆಪ್ ತಂತ್ರ ತಂದಿತು. ಆಗ ಇದ್ದದ್ದು ಎರಡೇ ವೇಗ. 2015ರ ಸ್ಕೈಲೇಕ್ ಪೀಳಿಗೆಯಿಂದ ಈಚೆಗೆ ಪ್ರೊಸೆಸರ್ ತಾನೇ ಕೆಲವೇ ಮಿಲಿಸೆಕೆಂಡುಗಳಲ್ಲಿ ವೇಗ ನಿರ್ಧರಿಸಿಕೊಳ್ಳುತ್ತದೆ. ನಮಗೆ ಕಾಣುವ ಅಂಕಿಗಳು ಅಷ್ಟು ಕುಣಿಯುವುದು ಅದಕ್ಕೇ.

ಇನ್ನೊಂದು ಮಿತಿ ಬಿಸಿ. ಈ ಪ್ರೊಸೆಸರ್ 100 ಡಿಗ್ರಿ ಮುಟ್ಟಿದರೆ ತಾನೇ ವೇಗ ತಗ್ಗಿಸುತ್ತದೆ. ಕೋಣೆ 20 ಡಿಗ್ರಿ ಇದ್ದರೆ ಬಿಸಿ ಹೊರಹೋಗಲು 80 ಡಿಗ್ರಿಯ ಅಂತರವಿರುತ್ತದೆ. 40 ಇದ್ದರೆ 60 ಮಾತ್ರ. ಅಂದರೆ ಅದೇ ಫ್ಯಾನ್, ಅದೇ ತಾಮ್ರದ ಕೊಳವೆ ಹೊರಹಾಕಬಲ್ಲ ಬಿಸಿ ಹೆಚ್ಚುಕಡಿಮೆ ಮುಕ್ಕಾಲು ಪಾಲಿಗೆ ಇಳಿಯುತ್ತದೆ. ಡಿಸೆಂಬರ್‌ನಲ್ಲಿ 2.4ರಲ್ಲಿ ನಿಲ್ಲುತ್ತಿದ್ದ ನನ್ನ ಯಂತ್ರ ಮೇ ಮಧ್ಯಾಹ್ನ 1.9ಕ್ಕೂ ಇಳಿಯುತ್ತಿತ್ತು. ಹಿಂಬದಿಯ ಮುಚ್ಚಳ ಬಿಚ್ಚಿದಾಗ ಫ್ಯಾನಿಗೂ ಅದರ ಮುಂದಿನ ತೆಳು ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯಂತೆ ಗಟ್ಟಿಯಾಗಿ ಕೂತಿತ್ತು. ಬೆರಳಿಂದ ಎಳೆದರೆ ಇಡಿಯಾಗಿ ಒಂದೇ ಪಟ್ಟಿಯಂತೆ ಬಂತು. ಹೊರಗಿನಿಂದ ಗಾಳಿ ಊದಿದರೆ ಇದು ಹೋಗುವುದಿಲ್ಲ, ಬಿಚ್ಚಲೇಬೇಕು. ಪ್ರೊಸೆಸರ್‌ನ ಬಿಸಿ ದಾಟಿಸುವ, ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟನ್ನೂ ಒರೆಸಿ ಹೊಸದು ಹಚ್ಚಿದೆ. ಅದೇ ಕೆಲಸಕ್ಕೆ 95ರ ಮೇಲಿದ್ದ ತಾಪಮಾನ 80ರ ಸುಮಾರಿಗೆ ಬಂತು, ಇಳಿದಿದ್ದ ವೇಗ ವಾಪಸ್ ಸಿಕ್ಕಿತು. ಸೆಟ್ಟಿಂಗ್ ಬದಲಿಸಿ ಇಷ್ಟು ಲಾಭ ನನಗೆ ಎಂದೂ ಸಿಕ್ಕಿಲ್ಲ.

ಸೆಟ್ಟಿಂಗ್‌ಗಳನ್ನೂ ಪರೀಕ್ಷಿಸಿದೆ. ವೇಗದ ಧೋರಣೆ ಹೇಳುವ ಲಿನಕ್ಸ್ ಸೆಟ್ಟಿಂಗ್ ಆದ ಗವರ್ನರ್ ಅನ್ನು ಪರ್ಫಾರ್ಮೆನ್ಸ್‌ಗೆ ಹಾಕಿದರೆ ಸುಮ್ಮನಿದ್ದಾಗಲೂ ಅಂಕಿ ಮೇಲೆಯೇ ಇರುತ್ತದೆ, ಆದರೆ ಪುಸ್ತಕ ಮುಗಿಯುವ ಸಮಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಯಾಕೆಂದರೆ ದೀರ್ಘ ಕೆಲಸವನ್ನು ಕಟ್ಟಿಹಾಕುವುದು ಆ 15 ವ್ಯಾಟ್, ಗವರ್ನರ್ ಅಲ್ಲ. ವೇಗ ನಿಭಾಯಿಸುವ ಇಂಟೆಲ್ ಪಿ-ಸ್ಟೇಟ್ ಡ್ರೈವರ್‌ನಲ್ಲಿ ಗವರ್ನರ್ ಮಾಮೂಲಾಗಿ ಪವರ್‌ಸೇವ್ ಎಂದು ಕಂಡರೆ ಗಾಬರಿ ಬೇಡ, ಅದರಲ್ಲೂ ಬೇಕಾದಾಗ ಟರ್ಬೊ ತನಕ ಹೋಗುತ್ತದೆ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ತದ್ವಿರುದ್ಧ ದಾರಿ. ಗರಿಷ್ಠ ವೇಗವನ್ನು ಶೇಕಡ 70ಕ್ಕೆ ಮಿತಿಗೊಳಿಸಿದೆ. ಈ ಪ್ರೊಸೆಸರ್‌ಗೆ ಅದು ಸುಮಾರು 2.4 ಗಿಗಾಹರ್ಟ್ಸ್. ಹೇಗೂ ಕೊನೆಗೆ ನಿಲ್ಲುವ ವೇಗವೇ ಅದು. ಪುಸ್ತಕ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಮುಗಿಯಿತು, ಶುರುವಿನ ಬಿಸಿಯ ನೆಗೆತ ಮತ್ತು ಫ್ಯಾನಿನ ಕಿರುಚಾಟ ಎರಡೂ ಇಲ್ಲವಾದವು.

ವೇಗ ಸ್ಥಿರವಾಗಿರಲೇಬೇಕಾದ ಸಂದರ್ಭ ನನಗೆ ಒಂದೇ: ಅಳತೆ. ಟೆಸೆರಾಕ್ಟ್‌ನ ಎರಡು ಬೇರೆ ಆಯ್ಕೆಗಳಲ್ಲಿ ಯಾವುದು ಚುರುಕು ಎಂದು ತಿಳಿಯಬೇಕಿತ್ತು. ಮೊದಲು ಓಡಿಸಿದ್ದೇ ಪ್ರತಿ ಸಲ ಗೆಲ್ಲುತ್ತಿತ್ತು. ತಣ್ಣಗಿದ್ದ ಯಂತ್ರದ ಟರ್ಬೊ ಲಾಭವೆಲ್ಲ ಅದಕ್ಕೇ ಹೋಗುತ್ತಿತ್ತು. ಟರ್ಬೊ ಬಂದ್ ಮಾಡಿ, ಗವರ್ನರ್ ಪರ್ಫಾರ್ಮೆನ್ಸ್‌ಗೆ ಹಾಕಿ 1.6ರಲ್ಲೇ ನಿಲ್ಲಿಸಿದ ಮೇಲೆ ಫಲಿತಾಂಶ ನಂಬುವಂತಾಯಿತು. ನೇರ ಧ್ವನಿಮುದ್ರಣ ಮಾಡುವವರಿಗೂ ಪರ್ಫಾರ್ಮೆನ್ಸ್ ನೆರವಾಗುತ್ತದೆ, ಶಬ್ದ ಕಡಿಯುವುದು ತಪ್ಪಬಹುದು.

ಇನ್ನೊಂದು ಇಳಿತವಿದೆ, ಅದು ಮಾತ್ರ ರೋಗ. ಒಮ್ಮೆ ಬೇರೆ ಚಾರ್ಜರ್ ಹಾಕಿದಾಗ ವೇಗ 400 ಮೆಗಾಹರ್ಟ್ಸ್‌ನಲ್ಲೇ ಕೂತುಬಿಟ್ಟಿತು. ಏನು ತೆರೆದರೂ ಏರಲಿಲ್ಲ. ತಾಪಮಾನ ನೋಡಿದರೆ ಬರೀ 45. ಬಿಸಿಯೂ ಇಲ್ಲ, ಕೆಲಸವೂ ಇದೆ, ಆದರೂ ಏರುತ್ತಿಲ್ಲವೆಂದರೆ ಹೊರಗಿನಿಂದ ಯಾರೋ ತಡೆಯುತ್ತಿದ್ದಾರೆ ಎಂದರ್ಥ. ಚಾರ್ಜರನ್ನು ಗುರುತಿಸಲಾಗದ ಮದರ್‌ಬೋರ್ಡ್, ಬಿಸಿಯಾಗಿದೆ ಎಂಬ ಸಂಕೇತವನ್ನೇ ಪ್ರೊಸೆಸರ್‌ಗೆ ಕಳಿಸಿ ಹಿಡಿದಿಟ್ಟಿತ್ತು. ಈ ಸಂಕೇತವನ್ನು ಕಡೆಗಣಿಸುವ ತಂತ್ರಾಂಶಗಳಿವೆ. ನಾನು ಮುಟ್ಟಲಿಲ್ಲ, ವಿದ್ಯುತ್ ಭಾಗ ಸುಡದಂತೆ ಕಾಯುವ ತಡೆ ಅದು. ಸರಿಯಾದ ವ್ಯಾಟ್‌ನ ಮೂಲ ಚಾರ್ಜರ್ ಹಾಕಿದ ಕೂಡಲೇ ಸರಿಹೋಯಿತು.

ಈಗ ಏಪ್ರಿಲ್‌ನಿಂದ ಮೊದಲ ಮಳೆ ಬೀಳುವವರೆಗೆ ಶೇಕಡ 70ರ ಮಿತಿ, ಉಳಿದ ತಿಂಗಳು ಏನೂ ಇಲ್ಲ. ಮಾರ್ಚ್‌ನಲ್ಲಿ ಫ್ಯಾನ್ ಬಿಚ್ಚಿ ಶುಚಿ ಮಾಡುತ್ತೇನೆ. ವಿಂಡೋಸ್ ಬಳಸುವವರು ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99 ಎಂದು ಹಾಕಿದರೆ ಸಾಮಾನ್ಯವಾಗಿ ಟರ್ಬೊ ನಿಲ್ಲುತ್ತದೆ. ವಾಪಸ್ 100 ಮಾಡಿದರೆ ಮೊದಲಿನಂತೆ.