ಎಣ್ಣೆ ಮಿಲ್ಲಿನ ವೆಬ್‌ಸೈಟು: ಬಿಲ್ಡರೂ ಬೇಡ, ಪೂರ್ತಿ ಕಸ್ಟಮ್ಮೂ ಬೇಡ

ಚಳ್ಳಕೆರೆಯ ಎಣ್ಣೆ ಮಿಲ್ಲೊಂದಕ್ಕೆ ನಾನು ಮಾಡಿಕೊಟ್ಟ ಸೈಟು ವರ್ಷ ದಾಟಿ ಓಡುತ್ತಿದೆ. ಹೋಸ್ಟಿಂಗ್ ಖರ್ಚು ಸೊನ್ನೆ. ರೇಟು ಬದಲಾಯಿಸುವುದು ಮಾಲೀಕರೇ, ಅದೂ ಅವರ ಮೊಬೈಲಿನಲ್ಲೇ, ಒಂದು ಗೂಗಲ್ ಶೀಟಿನಲ್ಲಿ. ‘ಗೂಗಲ್ ಶೀಟ್ ನಂಬ್ಕೊಂಡು ಯಾರಾದ್ರೂ ಸೈಟ್ ನಡೆಸ್ತಾರಾ’ ಎಂದು ದಾವಣಗೆರೆಯ ಗೆಳೆಯರು ನಕ್ಕಿದ್ದರು. ಅವರಲ್ಲೇ ಒಂದಿಬ್ಬರು ಈಗ ಇದೇ ದಾರಿ ಹಿಡಿದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಮಿಲ್ಲಿಗೆ ಸೈಟು ಮಾಡಿದವರಲ್ಲಿ ನಾನು ಮೂರನೆಯವನು. ಮೊದಲನೆಯವರು ಬಿಲ್ಡರಿನಲ್ಲಿ, ಅಂದರೆ ರೆಡಿ ಟೆಂಪ್ಲೇಟಿಗೆ ಬರಹ, ಫೋಟೋ ತುಂಬಿ ಸೈಟು ಮಾಡುವ ಬಾಡಿಗೆ ಸೇವೆಯಲ್ಲಿ, ಕಟ್ಟಿದ್ದರು. ವರ್ಷಕ್ಕೆ ಎಂಟು-ಒಂಬತ್ತು ಸಾವಿರ. ನೋಡೋಕೆ ಚೆನ್ನಾಗಿತ್ತು, ಆದರೆ ಟೆಂಪ್ಲೇಟು ಇಂಗ್ಲಿಷ್ ಅಕ್ಷರಕ್ಕೆ ಹೊಲಿದದ್ದು. ಸಾಲುಗಳ ನಡುವೆ ಜಾಗವೇ ಇಲ್ಲ. ದಪ್ಪ ಹೆಡಿಂಗಿನಲ್ಲಿ ‘ಶೇಂಗಾ ಎಣ್ಣೆ’ ಎಂದು ಹಾಕಿದರೆ ಣ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತಿತ್ತು. ಮುಂದೆ ಕಾರ್ಡಿನ ಅವಧಿ ಮುಗಿದು ದುಡ್ಡು ಕಟ್ ಆಗಲಿಲ್ಲ. ದೀಪಾವಳಿ ಸೀಸನ್ನಿನಲ್ಲೇ ಸೈಟು ಬಂದ್. ಬಿಲ್ಡರಿನಲ್ಲಿ ಕಟ್ಟಿದ್ದನ್ನು ಹಾಗೇ ಎತ್ತಿ ಬೇರೆ ಕಡೆ ಇಡೋಕೂ ಬರಲಿಲ್ಲ. ಬರಹ, ಫೋಟೋ ಕಾಪಿ ಮಾಡಿಕೊಂಡು ಮೊದಲಿಂದ ಶುರು ಮಾಡಬೇಕಾಯಿತು.

ಎರಡನೆಯದು ಬೆಂಗಳೂರಿನ ಒಂದು ಏಜೆನ್ಸಿ, ಪೂರ್ತಿ ಕೋಡ್ ಬರೆದು ಮಾಡಿದ ಕಸ್ಟಮ್ ಸೈಟು. ಹತ್ತಿರ ಹತ್ತಿರ ಎಂಬತ್ತು ಸಾವಿರ. ಡೇಟಾಬೇಸು, ಲಾಗಿನ್ನು, ಅಡ್ಮಿನ್ ಪ್ಯಾನೆಲ್ಲು ಎಲ್ಲ ಇತ್ತು. ಪ್ಯಾನೆಲ್ಲು ಮಾತ್ರ ಮೊಬೈಲಿನಲ್ಲಿ ನೆಟ್ಟಗೆ ತೆರೆಯುತ್ತಿರಲಿಲ್ಲ. ಮಿಲ್ಲಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವರು ಯಾರಿದ್ದಾರೆ? ಕೋಡ್ ಬರೆದ ಹುಡುಗ ಕೆಲಸ ಬಿಟ್ಟ. ಸರ್ವರಿನಲ್ಲಿ ಆ ಕೋಡಿನ ಭಾಷೆಯಾದ ಪಿಎಚ್‌ಪಿ ವರ್ಷನ್ ಏರಿಸಿದ ಮೇಲೆ ಪುಟ ಬರೀ ಬಿಳಿ. ರಿಪೇರಿಗೆ ಹದಿನೈದು ಸಾವಿರ ಕೇಳಿದರು.

ನಾನು ಹೋದಾಗ ಸಾವ್ಕಾರ್ರು ಹೇಳಿದ್ದು ಇಷ್ಟೇ: ‘ಏನಪ್ಪಾ, ನಂದು ದಿನಾ ಬದಲಾಗೋದು ಮೂರು ನಂಬರು. ಹದಿನೈದು ಕೆಜಿ ಡಬ್ಬ, ಬಿಡಿ ಎಣ್ಣೆ, ಹಿಂಡಿ ಚೀಲ. ಅದಕ್ಕೆ ಇಷ್ಟೆಲ್ಲಾ ಬೇಕಾ?’

ಬೇಡ. ಬಿಲ್ಡರಾ ಕಸ್ಟಮ್ಮಾ ಎಂದು ಕಿತ್ತಾಡುವ ಮೊದಲು ಏನು ಬದಲಾಗುತ್ತೆ, ಯಾರು ಬದಲಾಯಿಸುತ್ತಾರೆ, ಎಲ್ಲಿ ನಿಂತು ಬದಲಾಯಿಸುತ್ತಾರೆ ಎಂದು ನೋಡಬೇಕು. ಉಳಿದ ಪುಟವೆಲ್ಲ ವರ್ಷಕ್ಕೊಮ್ಮೆ ಮುಟ್ಟಿದರೆ ಹೆಚ್ಚು. ಅದನ್ನು ಹ್ಯೂಗೋ ಎಂಬ ಟೂಲಿನಲ್ಲಿ ಸ್ಟ್ಯಾಟಿಕ್ (ಡೇಟಾಬೇಸಿಲ್ಲದೆ ಮೊದಲೇ ರೆಡಿ ಮಾಡಿಟ್ಟ ಪುಟ) ಮಾಡಿ ಕ್ಲೌಡ್‌ಫ್ಲೇರ್ ಪೇಜಸ್ ಎಂಬ ಉಚಿತ ಹೋಸ್ಟಿಂಗಿನಲ್ಲಿಟ್ಟೆ. ಮೂರು ನಂಬರು ಗೂಗಲ್ ಶೀಟಿನಲ್ಲಿ. ಶೀಟನ್ನು ಬರೀ ಅಕ್ಷರ-ಅಂಕಿಯ ಫೈಲಾದ ಸಿಎಸ್‌ವಿಯಾಗಿ ಪಬ್ಲಿಷ್ ಮಾಡಿದರೆ ಬದಲಾವಣೆ ಹೊರಗೆ ಕಾಣೋಕೆ ಐದು ನಿಮಿಷದಷ್ಟು ಹಿಡಿಯುತ್ತೆ, ಅದು ಗೊತ್ತಿರಲಿ. ಬ್ರೌಸರಿನಿಂದಲೇ ಶೀಟ್ ಓದಿಸಿ ನೋಡಿದೆ. ಸಿಗ್ನಲ್ ಇಲ್ಲದ ಕಡೆ ರೇಟಿನ ಜಾಗ ಖಾಲಿ ಖಾಲಿ. ಆಮೇಲೆ ಗಿಟ್‌ಹಬ್ ಆ್ಯಕ್ಷನ್ಸ್‌ನಿಂದ (ಇಂಥ ಕೆಲಸವನ್ನು ತಾನಾಗೇ ಓಡಿಸುವ ಸೇವೆ) ಶೀಟ್ ಎಳೆದು, ನಂಬರನ್ನು ಪುಟದೊಳಗೇ ಕೂರಿಸಿ ಹೊಸದಾಗಿ ಬಿಲ್ಡ್ ಮಾಡಿಸಿದೆ, ಅಂದರೆ ಪುಟವನ್ನು ಮತ್ತೆ ರೆಡಿ ಮಾಡಿಸಿದೆ. ಸರಿಹೋಯಿತು. ಇದು ಗಂಟೆಗೊಮ್ಮೆ ತಾನಾಗೇ ಓಡುತ್ತೆ. ಆ ಶೆಡ್ಯೂಲನ್ನು ಸರಿಯಾಗಿ ಗಂಟೆ ಹೊಡೆಯುವ ಹೊತ್ತಿಗೆ ಇಡಬೇಡಿ. ಆಗ ಎಲ್ಲರದ್ದೂ ಓಡುತ್ತಿರುತ್ತೆ, ತಡವಾಗುತ್ತೆ. ನಾನು 17ನೇ ನಿಮಿಷಕ್ಕೆ ಇಟ್ಟಿದ್ದೇನೆ.

ಸಾವ್ಕಾರ್ರು ಅವಸರದಲ್ಲಿ ಒಂದು ಸೊನ್ನೆ ಜಾಸ್ತಿ ಒತ್ತಿದರೆ? ಅದಕ್ಕೊಂದು ತಡೆ ಇದೆ. ಸುಮ್ನೆ ಮೇಲಿನ ಮಿತಿ ಹಾಕಿದ್ದಲ್ಲ. ಅದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ.

ಜಾಸ್ತಿ ಹೊತ್ತು ತಿಂದದ್ದು ಫಾಂಟು. ನೋಟೊ ಸ್ಯಾನ್ಸ್ ಕನ್ನಡವನ್ನು ಹಗುರ ಮಾಡೋಣ ಅಂತ ಒಂದು ಆನ್‌ಲೈನ್ ಟೂಲಿಗೆ ಕೊಟ್ಟೆ. ಫೈಲು ಅರ್ಧಕ್ಕಿಂತ ಕಡಿಮೆಯಾಯಿತು, ಆದರೆ ‘ಎಣ್ಣೆ’ ಹೋಗಿ ‘ಎಣ್‌ಣೆ’ ಆಯಿತು. ಒತ್ತಕ್ಷರ ಕೂಡಿಸುವ ಜಿಎಸ್‌ಯುಬಿ ಟೇಬಲ್ಲನ್ನೇ ಆ ಟೂಲು ಕತ್ತರಿಸಿ ಹಾಕಿತ್ತು. ಪೈಎಫ್‌ಟಿಸಬ್‌ಸೆಟ್‌ನಲ್ಲಿ (ಫಾಂಟು ಹಗುರ ಮಾಡುವ ಇನ್ನೊಂದು ಟೂಲು) ಅಕ್ಷರ ಕೂಡಿಸುವ ಲೇಔಟ್ ಫೀಚರ್‌ಗಳನ್ನೆಲ್ಲ ಉಳಿಸಿಕೊಂಡು ಮಾಡಿದ ಮೇಲೆ ಅಕ್ಷರ ಕೂಡಿತು. ಲೈನ್ ಹೈಟ್ (ಸಾಲಿನ ಎತ್ತರ) ಅಕ್ಷರದ ಅಳತೆಯ 1.6 ಪಟ್ಟಿಗಿಂತ ಕೆಳಗೆ ನಾನು ಇಳಿಸುವುದಿಲ್ಲ. ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಅಂತೂ ಕನ್ನಡಕ್ಕೆ ಮುಟ್ಟಲೇಬೇಡಿ. ಮಿಲ್ಲಿನವರು ಕೊಟ್ಟ ಹಳೇ ಬರಹ ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿತ್ತು, ಯೂನಿಕೋಡಿಗೆ ತಂದ ಮೇಲೂ ಕೈಯಿಂದ ತಿದ್ದಬೇಕಾಯಿತು.

ಪರೀಕ್ಷೆ ಮಾಡಿದ್ದು ದಾವಣಗೆರೆ-ಚಿತ್ರದುರ್ಗ ಬಸ್ಸಿನಲ್ಲಿ. ಅರವತ್ತು ಕಿಲೋಮೀಟರಿನ ಆಸುಪಾಸು ದಾರಿ, ನಡುವೆ ಸಿಗ್ನಲ್ ಬರುತ್ತೆ, ಹೋಗುತ್ತೆ. ಆರೇಳು ಸಾವಿರದ ಹಳೇ ಫೋನಿನಲ್ಲಿ ಆ ದಾರಿಯಲ್ಲಿ ತೆರೆದರೆ ಎಲ್ಲಿ ಬೇಕಾದರೂ ತೆರೆಯುತ್ತೆ. ಅದೇ ಫೋನಿನಲ್ಲಿ ಬಿಲ್ಡರಿನ ನಾಲ್ಕೈದು ಸೈಟು ತೆರೆದು ನೋಡಿದೆ. ಫೋಟೋ ಬರುವಷ್ಟರಲ್ಲಿ ಒಂದೊಂದು ಊರು ದಾಟಿರುತ್ತಿತ್ತು.

ನಾನು ಲೆಕ್ಕ ಹಾಕದೇ ಸಿಕ್ಕ ಲಾಭ ಒಂದಿದೆ. ಪ್ರತಿ ರೇಟು ಬದಲಾವಣೆಯೂ ಗಿಟ್‌ನಲ್ಲಿ ಕಮಿಟ್ ಆಗುತ್ತೆ, ಅಂದರೆ ತಾರೀಖಿನ ಸಮೇತ ದಾಖಲಾಗುತ್ತೆ. ‘ಹೋದ ವರ್ಷ ದಸರಾ ಹೊತ್ತಿಗೆ ಹಿಂಡಿ ಎಷ್ಟಿತ್ತಪ್ಪಾ?’ ಎಂದು ಫೋನ್ ಬಂತು. ಲಾಗ್ ತೆಗೆದು ತಾರೀಖಿನ ಸಮೇತ ಹೇಳಿದೆ. ಈಗ ತಿಂಗಳಿಗೊಮ್ಮೆ ಆ ಪಟ್ಟಿಯನ್ನು ವಾಟ್ಸಾಪಿಗೆ ಕಳಿಸುತ್ತೇನೆ, ಅದಕ್ಕೆ ಬೇರೆ ದುಡ್ಡು.

ದುಡ್ಡಿನ ವಿಷಯ. ಮೊದಲಿಗೆ ಹದಿನಾಲ್ಕು ಸಾವಿರ ತೆಗೆದುಕೊಂಡೆ. ವರ್ಷಕ್ಕೆ ಮೂರು ಸಾವಿರ, ಅದರಲ್ಲೇ ಡಾಟ್ ಇನ್ ಡೊಮೇನಿನ ಎಂಟುನೂರು ಚಿಲ್ಲರೆ ಸೇರಿದೆ. ಡೊಮೇನು ಸಾವ್ಕಾರ್ರ ಹೆಸರಿನಲ್ಲೇ, ಅವರ ಇಮೇಲಿನಲ್ಲೇ. ‘ಇಷ್ಟಕ್ಕೆ ಮಾಡಿದ್ರೆ ಹೊಟ್ಟೆ ತುಂಬುತ್ತಾ’ ಎಂದು ಕೇಳುವವರಿದ್ದಾರೆ. ಒಂದೇ ಸೈಟಿನಿಂದ ತುಂಬಲ್ಲ. ಆದರೆ ಅದೇ ಅಚ್ಚಿನಲ್ಲಿ ಮಂಡಕ್ಕಿ ಭಟ್ಟಿ, ಬೀಜದ ಅಂಗಡಿ, ಮೋಟರ್ ರಿವೈಂಡಿಂಗ್ ಅಂಗಡಿ ಎಲ್ಲ ಬಂದವು. ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಮ್ಯಾಪಿನಲ್ಲಿ ಕಾಣುವ ಅಂಗಡಿಯ ವಿವರ) ಜೊತೆ ಬರುತ್ತಿದ್ದ ಉಚಿತ ಸೈಟುಗಳು 2024ರ ಮಾರ್ಚಿನಲ್ಲಿ ನಿಂತವಲ್ಲ, ಆಮೇಲೆ ಹುಡುಕಿಕೊಂಡು ಬಂದವರೂ ಇದ್ದಾರೆ. ಅಚ್ಚು ರೆಡಿ ಇದ್ದರೆ ಕೆಲಸ ವಾರದೊಳಗೆ ಮುಗಿಯುತ್ತೆ. ಫೋಟೋ ಕೊಡೋಕೆ ಅಂಗಡಿಯವರೇ ತಡ ಮಾಡೋದು.

ಎಲ್ಲರಿಗೂ ಇದನ್ನೇ ಮಾಡಿ ಅನ್ನಲ್ಲ. ಮೊನ್ನೆ ಮೊಳಕಾಲ್ಮೂರು ಸೀರೆ ಮಾರುವವರೊಬ್ಬರು ಬಂದಿದ್ದರು. ಅವರ ಹತ್ತಿರ ಒಂದೊಂದು ಸೀರೆಯೂ ಒಂದೇ ಪೀಸು. ಮಾರಿದ ಕೂಡಲೇ ಪುಟದಿಂದ ಹೋಗಬೇಕು. ದುಡ್ಡು ಅಲ್ಲೇ ಕಟ್ಟಬೇಕು, ಕೊರಿಯರ್ ನಂಬರು ಹೋಗಬೇಕು, ವಾಪಸ್ ಬಂದರೆ ಲೆಕ್ಕ ಸಿಗಬೇಕು. ಗಂಟೆಗೊಮ್ಮೆ ಬಿಲ್ಡ್ ಆಗುವ ಪುಟದಲ್ಲಿ ಒಂದೇ ಸೀರೆಗೆ ಇಬ್ಬರು ದುಡ್ಡು ಕಟ್ಟಿಬಿಡುತ್ತಾರೆ. ‘ಅಕ್ಕಾ, ನೀವು ಶಾಪಿಫೈ ಅನ್ನೋ ರೆಡಿ ಆನ್‌ಲೈನ್ ಅಂಗಡಿ ತಗೊಳ್ಳಿ, ತಿಂಗಳ ಬಾಡಿಗೆ ಕಟ್ಟಿದರೂ ನಿಮಗೆ ಅದೇ ಅಗ್ಗ’ ಎಂದು ಹೇಳಿ, ಸೆಟಪ್ ಮಾಡಿಕೊಟ್ಟು ಐದು ಸಾವಿರ ತೆಗೆದುಕೊಂಡೆ.