ಡಿಮಿನಿಶ್ಡ್ ಸ್ಕೇಲ್: ಹನ್ನೆರಡು ಬೇಡ, ಮೂರು ಕಲಿತರೆ ಸಾಕು

ಡಿಮಿನಿಶ್ಡ್ ಸ್ಕೇಲ್ ಹೆಸರು ಕೇಳಿದರೇ ಪಿಯಾನೋ ಕಲಿಯುವವರು ಇದು ಆಮೇಲೆ ನೋಡೋಣ ಅಂತ ಪಕ್ಕಕ್ಕೆ ಇಡುತ್ತಾರೆ. ಆದರೆ ಲೆಕ್ಕ ಹಾಕಿದರೆ ಮೇಜರ್ ಸ್ಕೇಲಿಗಿಂತ ಇದರಲ್ಲಿ ಕೆಲಸ ಕಡಿಮೆ. ಮೇಜರ್ ಆದರೆ ಹನ್ನೆರಡು ಕಲಿಯಬೇಕು, ಇಲ್ಲಿ ಇರುವುದೇ ಮೂರು.

ಕಟ್ಟುವುದು ಹೀಗೆ. ಒಂದು ಹಾಫ್ ಸ್ಟೆಪ್ (ಕಪ್ಪು ಬಿಳಿ ಎರಡೂ ಸೇರಿಸಿ ಎಣಿಸಿದರೆ ಪಕ್ಕದ ಕೀ), ಒಂದು ಹೋಲ್ ಸ್ಟೆಪ್ (ಅಂಥ ಎರಡು ಹಾಫ್), ಮತ್ತೆ ಹಾಫ್, ಮತ್ತೆ ಹೋಲ್, ಶುರು ಮಾಡಿದ ಸ್ವರವೇ ಮೇಲೆ ಮತ್ತೆ ಸಿಗುವ ತನಕ. ಸಿ ಇಂದ ಶುರು ಮಾಡಿದರೆ ಸಿ, ಡಿ ಫ್ಲ್ಯಾಟ್, ಇ ಫ್ಲ್ಯಾಟ್, ಇ, ಎಫ್ ಶಾರ್ಪ್, ಜಿ, ಎ, ಬಿ ಫ್ಲ್ಯಾಟ್. ಒಟ್ಟು 8 ಸ್ವರ. ಫ್ಲ್ಯಾಟ್ ಅಂದರೆ ಒಂದು ಹಾಫ್ ಸ್ಟೆಪ್ ಕೆಳಗೆ, ಶಾರ್ಪ್ ಅಂದರೆ ಒಂದು ಹಾಫ್ ಸ್ಟೆಪ್ ಮೇಲೆ; ಡಿ ಫ್ಲ್ಯಾಟ್, ಸಿ ಶಾರ್ಪ್ ಎರಡೂ ಒಂದೇ ಕೀ. ಈಗ ಇದೇ ಸ್ವರಗಳನ್ನು ಇ ಫ್ಲ್ಯಾಟ್‌ನಿಂದ ಶುರು ಮಾಡಿ ನೋಡಿ, ಮತ್ತೆ ಅದೇ ಹಾಫ್-ಹೋಲ್ ಸಿಗುತ್ತದೆ. ಎಫ್ ಶಾರ್ಪ್‌ನಿಂದಲೂ ಅಷ್ಟೇ, ಎ ಇಂದಲೂ ಅಷ್ಟೇ. ಅಂದರೆ ಒಂದು ಸ್ಕೇಲ್ ಕಲಿತರೆ ನಾಲ್ಕು ಬಂದ ಹಾಗೆ. ಸಿ, ಸಿ ಶಾರ್ಪ್, ಡಿ, ಈ ಮೂರರಿಂದ ಒಂದೊಂದು ಕಲಿತರೆ ಹನ್ನೆರಡೂ ಮುಗಿಯಿತು.

ಹೋಲ್ ಮೊದಲು ಬರುವ ರೂಪವೂ ಇದೆ. ಡಿಮಿನಿಶ್ಡ್ ಸೆವೆನ್ತ್ ಕಾರ್ಡ್ (ಮೂರು ಮೂರು ಹಾಫ್ ಸ್ಟೆಪ್ ಅಂತರದ ನಾಲ್ಕು ಸ್ವರ ಒಟ್ಟಿಗೆ) ಇದ್ದರೆ ಹೋಲ್ ಮೊದಲು, ಡಾಮಿನೆಂಟ್ ಸೆವೆನ್ತ್ (ಜಿ, ಬಿ, ಡಿ, ಎಫ್ ಥರದ ಕಾರ್ಡ್) ಇದ್ದರೆ ಹಾಫ್ ಮೊದಲು. ಇಷ್ಟು ನೆನಪಿದ್ದರೆ ಸದ್ಯಕ್ಕೆ ಸಾಕು.

ಬಲಗೈ ಬೆರಳು (ಹೆಬ್ಬೆರಳು 1, ತೋರುಬೆರಳು 2, ನಡುಬೆರಳು 3): ಮೇಲಿನ ಸಿ ಸ್ಕೇಲಿಗೆ 1-2-3, 1-2-3, 1-2, ಆಮೇಲೆ ಮುಂದಿನ ಸಿ ಮೇಲೆ ಮತ್ತೆ 1. ಹೆಬ್ಬೆರಳು ಸಿ, ಇ, ಎ ಮೇಲೆ ಬೀಳುತ್ತದೆ, ಎಲ್ಲವೂ ಬಿಳಿ ಕೀ. ಬೇರೆ ಸ್ವರದಿಂದ ಶುರು ಮಾಡಿದರೂ ಹೆಬ್ಬೆರಳನ್ನು ಬಿಳಿ ಕೀ ಮೇಲೇ ಇಡಲು ನೋಡಿ. ಎಡಗೈಯಲ್ಲಿ ಸ್ಕೇಲ್ ಓಡಿಸುವುದಕ್ಕೆ ಈಗಲೇ ಆತುರ ಬೇಡ, ಅದಕ್ಕೆ ಬೇರೆ ಕೆಲಸ ಇದೆ.

ಇನ್ನು ನಿಜವಾದ ವಿಷಯ. ಈ ಸ್ಕೇಲನ್ನು ಸುಮ್ನೆ ಕೆಳಗಿಂದ ಮೇಲಕ್ಕೆ ನುಡಿಸಿದರೆ ಅಭ್ಯಾಸದ ಪಾಠದ ಹಾಗೇ ಕೇಳಿಸುತ್ತದೆ, ಎಷ್ಟು ವೇಗವಾಗಿ ನುಡಿಸಿದರೂ. ರುಚಿ ಇರುವುದು ಇದರ ಒಳಗೆ ಅಡಗಿರುವ ಮೇಜರ್ ಟ್ರಯಾಡ್‌ಗಳಲ್ಲಿ (ಮೂರು ಸ್ವರದ ಕಾರ್ಡ್‌ಗಳಲ್ಲಿ), ಮತ್ತು ಅವು ಎಲ್ಲಿಗೆ ಹೋಗಿ ಇಳಿಯುತ್ತವೆ ಅನ್ನುವುದರಲ್ಲಿ. ಜಿ7, ಅಂದರೆ ಜಿ ಡಾಮಿನೆಂಟ್ ಸೆವೆನ್ತ್, ತೆಗೆದುಕೊಳ್ಳಿ. ಸ್ಕೇಲ್ ಜಿ, ಎ ಫ್ಲ್ಯಾಟ್, ಬಿ ಫ್ಲ್ಯಾಟ್, ಬಿ, ಸಿ ಶಾರ್ಪ್, ಡಿ, ಇ, ಎಫ್. ಇದರಲ್ಲಿ ಜಿ ಮೇಜರ್, ಬಿ ಫ್ಲ್ಯಾಟ್ ಮೇಜರ್, ಡಿ ಫ್ಲ್ಯಾಟ್ ಮೇಜರ್, ಇ ಮೇಜರ್ ನಾಲ್ಕೂ ಇವೆ. ಜಿ7 ಮೇಲೆ ಇ ಮೇಜರ್! ಹೇಳಿದರೆ ಯಾರೂ ನಂಬುವುದಿಲ್ಲ, ನುಡಿಸಿದರೆ ಗೊತ್ತಾಗುತ್ತದೆ.

ಕೆಳಗಿನ ಜಿ ಒತ್ತಿ ಪೆಡಲ್ ಹಿಡಿಯಿರಿ. ಎಡಗೈಯಲ್ಲಿ ಎಫ್ ಮತ್ತು ಬಿ. ಬಲಗೈಯಲ್ಲಿ ಬಿ, ಇ, ಜಿ ಶಾರ್ಪ್. ಸ್ವಲ್ಪ ಹೊತ್ತು ಕೇಳಿ. ಈಗ ಪೆಡಲ್ ಬಿಟ್ಟು ಸಿ ಮೇಜರ್‌ಗೆ ಬನ್ನಿ: ಬಲಗೈಯಲ್ಲಿ ಬಿ ಒಂದು ಕೀ ಮೇಲೇರಿ ಸಿ ಆಗುತ್ತದೆ, ಇ ಅಲ್ಲೇ ಇರುತ್ತದೆ, ಜಿ ಶಾರ್ಪ್ ಒಂದು ಕೀ ಇಳಿದು ಜಿ ಆಗುತ್ತದೆ. ಎಡಗೈಯಲ್ಲಿ ಎಫ್ ಇಳಿದು ಇ, ಬಿ ಏರಿ ಸಿ. ಯಾವ ಬೆರಳೂ ಒಂದು ಕೀಗಿಂತ ಜಾಸ್ತಿ ಓಡಾಡಲಿಲ್ಲ, ಅಲ್ವಾ? ಅಷ್ಟು ಬಿಗಿಯಾಗಿದ್ದ ಸದ್ದು ಒಮ್ಮೆಲೇ ಸಡಿಲ ಆಗುತ್ತದೆ. ಈ ಇಳಿಯುವ ಜಾಗ ಕಿವಿಗೆ ಸಿಗುವವರೆಗೆ ವೇಗದ ಗೊಡವೆಗೆ ಹೋಗಬೇಡಿ ಅನ್ನುವುದು ನನ್ನ ಹಟ. ಉಳಿದ ಮೂರು ಟ್ರಯಾಡ್‌ಗಳನ್ನೂ ಹೀಗೇ ಒಂದೊಂದಾಗಿ ಸಿ ಗೆ ಇಳಿಸಿ.

ಅದಾದ ಮೇಲೆ ಸಾಲುಗಳು. ನಾಲ್ಕು ಸ್ವರದ ಒಂದು ತುಂಡು ಹಿಡಿದು ಅದನ್ನೇ ಮೈನರ್ ಥರ್ಡ್‌ನಷ್ಟು (ಮೂರು ಹಾಫ್ ಸ್ಟೆಪ್) ಮೇಲಕ್ಕೆ ಸರಿಸುತ್ತಾ ಹೋಗಿ. ಜಿ, ಬಿ ಫ್ಲ್ಯಾಟ್, ಎ ಫ್ಲ್ಯಾಟ್, ಬಿ. ಮುಂದೆ ಬಿ ಫ್ಲ್ಯಾಟ್, ಡಿ ಫ್ಲ್ಯಾಟ್, ಬಿ, ಡಿ. ಮುಂದಿನ ಎರಡನ್ನು ನೀವೇ ಹುಡುಕಿ, ಸ್ಕೇಲ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಆದರೆ ನಾಲ್ಕೂ ಸಲ ಸರಿಸಿದರೆ ಕೇಳುವವರಿಗೆ ಗುಟ್ಟು ಗೊತ್ತಾಗಿಬಿಡುತ್ತದೆ. ಎರಡು ಸಲ ಸರಿಸಿ, ಸಿ ಕಾರ್ಡಿನ ಇ ಅಥವಾ ಜಿ ಮೇಲೆ ನಿಲ್ಲಿ.

ಎಲ್ಲಿ ಬೇಡ ಅನ್ನುವುದೂ ಗೊತ್ತಿರಲಿ. ಜಿ7 ಮೇಲಿನ ಈ ಸ್ಕೇಲಿನಲ್ಲಿ ಎ, ಸಿ, ಇ ಫ್ಲ್ಯಾಟ್, ಎಫ್ ಶಾರ್ಪ್ ಇಲ್ಲ. ಹಾಡಿನ ಮಟ್ಟು ಆ ಜಾಗದಲ್ಲಿ ಎ ಹಿಡಿದು ನಿಂತಿದ್ದರೆ ನಿಮ್ಮ ಎ ಫ್ಲ್ಯಾಟ್ ಅದರ ಜೊತೆ ಜಗಳಕ್ಕೇ ಇಳಿಯುತ್ತದೆ. ಸಸ್ ಕಾರ್ಡ್ (ಬಿ ಬದಲು ಸಿ ಇರುವ ಜಿ ಕಾರ್ಡ್) ಇದ್ದರೂ ಬಿಟ್ಟುಬಿಡಿ, ಅಲ್ಲಿ ಸಿ ಬೇಕು. ಸಿ ಮೈನರ್‌ಗೆ ಹೋಗುವ ಜಿ7 ಆದರೆ ಇ ಸ್ವರ ಮುಂದಿನ ಕಾರ್ಡಿನ ಬಣ್ಣವನ್ನೇ ಕೆಡಿಸಬಹುದು, ಅಲ್ಲಿ ನಾನು ಇದನ್ನು ಮುಟ್ಟುವುದು ಕಡಿಮೆ.

ಇನ್ನೊಂದು ಸುಲಭದ ಜಾಗ: ಸಿ, ಸಿ ಶಾರ್ಪ್ ಡಿಮಿನಿಶ್ಡ್, ಡಿ ಮೈನರ್ ಅಂತ ಬಾಸ್ ಮೆಟ್ಟಿಲು ಹತ್ತುವ ಕಡೆ. ನಡುವಿನ ಕಾರ್ಡಿಗೆ ಸಿ ಶಾರ್ಪ್‌ನಿಂದ ಹೋಲ್ ಮೊದಲು ಇಟ್ಟು ನುಡಿಸಿ. ಬೆರಳು ನೋಡಿಕೊಳ್ಳಿ, ಅದು ನೀವು ಮೊದಲು ಕಲಿತ ಸಿ ಸ್ಕೇಲಿನದೇ ಸ್ವರಗಳು.