ಗ್ಯಾಸ್‌ನಿಂದ ಆರ್ಗಾನ್‌ವರೆಗೆ: ನಾನು ವೆಲ್ಡಿಂಗ್ ಕಲಿತ ಬಗೆ

ಐಟಿಐಯಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿ ಮುಗಿಸಿ ಹುಬ್ಬಳ್ಳಿಯ ಗೋಕುಲ ರಸ್ತೆಯ ಫ್ಯಾಬ್ರಿಕೇಶನ್ ಶೆಡ್ಡೊಂದಕ್ಕೆ ಸೇರಿದ ನಾನು ಗ್ಯಾಸ್, ರಾಡ್, ಸಿಒಟು, ಆರ್ಗಾನ್ ಎಂದು ಕೆಲಸಗಾರರು ಕರೆಯುವ ನಾಲ್ಕು ಬಗೆಯ ವೆಲ್ಡಿಂಗನ್ನು ಅದೇ ಕ್ರಮದಲ್ಲಿ ಕಲಿತೆ. ಇವುಗಳಲ್ಲಿ ಯಾವುದು ಮೇಲು ಎಂದು ಹೊಸಬರು ಕೇಳುತ್ತಾರೆ. ಕೈಯಲ್ಲಿರುವ ಕೆಲಸ ಯಾವುದೆಂದು ಗೊತ್ತಿಲ್ಲದೆ ಇದಕ್ಕೆ ಉತ್ತರವಿಲ್ಲ. ಆದರೆ ಈ ನಾಲ್ಕನ್ನೂ ಅರ್ಥಮಾಡಿಕೊಳ್ಳಲು ನನಗೆ ನೆರವಾದ ಪ್ರಶ್ನೆಯೊಂದಿದೆ. ಶಾಖವನ್ನು ಕೊಡುವ ಕೈ ಮತ್ತು ಲೋಹವನ್ನು ತುಂಬುವ ಕೈ ಬೇರೆಬೇರೆಯೇ, ಅಥವಾ ಎರಡೂ ಒಂದೇ ಕೈಗೆ ಕಟ್ಟುಬಿದ್ದಿವೆಯೇ?

ಗ್ಯಾಸ್ ವೆಲ್ಡಿಂಗ್‌ನಲ್ಲಿ ಅವು ಬೇರೆಬೇರೆ. ಬಲಗೈಯಲ್ಲಿ ಟಾರ್ಚ್, ಎಡಗೈಯಲ್ಲಿ ತಂತಿ. ಆಮ್ಲಜನಕ ಮತ್ತು ಅಸಿಟಿಲಿನ್ ಸೇರಿದ ಜ್ವಾಲೆ ಸುಮಾರು 3,100 ಡಿಗ್ರಿ ಸೆಲ್ಸಿಯಸ್ ತಲುಪಿದರೂ ಶಾಖ ತಗಡಿಗೆ ನಿಧಾನವಾಗಿ ಇಳಿಯುವುದರಿಂದ, ಕಬ್ಬಿಣ ಮೊದಲು ಕೆಂಪಾಗಿ, ಬಳಿಕ ಹೊಳಪೇರಿ, ಕೊನೆಗೆ ಕರಗಿ ಸಣ್ಣದೊಂದು ಮಡುವಾಗುವುದನ್ನು ಬಿಡುವಾಗಿ ನೋಡಬಹುದು. ಮೊದಲ ದಿನಗಳಲ್ಲಿ ನಮಗೆ ತಂತಿಯನ್ನೇ ಕೊಡುತ್ತಿರಲಿಲ್ಲ. ತೆಳ್ಳನೆಯ ಎರಡು ತಗಡುಗಳ ಅಂಚನ್ನು ಅವುಗಳ ಲೋಹದಿಂದಲೇ ಕರಗಿಸಿ ಕೂಡಿಸಬೇಕಿತ್ತು. ಇಂದು ಈ ವಿಧಾನ ದುಬಾರಿ, ತಗಡನ್ನೂ ಬಹಳ ಸೊಟ್ಟಗೊಳಿಸುತ್ತದೆ; ತಾಮ್ರದ ಪೈಪುಗಳ ಬ್ರೇಜಿಂಗ್‌ಗೆ (ಪೈಪನ್ನು ಕರಗಿಸದೆ, ಬೇಗ ಕರಗುವ ಬೇರೆ ಲೋಹದಿಂದ ಕೂಡಿಸುವುದಕ್ಕೆ) ಮತ್ತು ದಪ್ಪ ಪ್ಲೇಟು ಕತ್ತರಿಸಲು ಮಾತ್ರ ನಮ್ಮ ಶೆಡ್ಡಿನಲ್ಲಿ ಆ ಸಿಲಿಂಡರುಗಳನ್ನು ತೆರೆಯುತ್ತೇವೆ. ಹಾಗಿದ್ದರೂ ಕಣ್ಣನ್ನು ಪಳಗಿಸುವುದರಲ್ಲಿ ಇದಕ್ಕೆ ಸಮನಾದುದನ್ನು ನಾನು ಕಂಡಿಲ್ಲ. ಅಸಿಟಿಲಿನ್ ಒತ್ತಡ ಏರಿದರೆ ತಾನಾಗಿಯೇ ಸ್ಫೋಟಿಸಬಲ್ಲ ಅನಿಲವಾದ್ದರಿಂದ ರೆಗ್ಯುಲೇಟರನ್ನು 1 ಬಾರ್‌ಗಿಂತ ಮೇಲಕ್ಕೆ ತಿರುಗಿಸಬಾರದೆಂಬುದನ್ನು ಟಾರ್ಚ್ ಹಿಡಿಯುವ ಮೊದಲೇ ಕಲಿಯಬೇಕು.

ರಾಡ್ ವೆಲ್ಡಿಂಗ್‌ನಲ್ಲಿ ಎರಡೂ ಒಂದೇ ಕೈಗೆ ಬರುತ್ತವೆ. ರಾಡ್ ಎಂದರೆ ಮೇಲೆ ಲೇಪವಿರುವ ಲೋಹದ ಕಡ್ಡಿ; ಅದರ ತುದಿಗೂ ಕೆಲಸಕ್ಕೂ ನಡುವೆ ಕರೆಂಟು ಹಾರಿ ಉರಿಯುವ ಕಿಡಿಯೇ ಆರ್ಕ್. ರಾಡೇ ಶಾಖ, ರಾಡೇ ಲೋಹ. ಅದು ಕರಗಿ ಗಿಡ್ಡವಾಗುತ್ತಿರುವಾಗ ಕೈ ಮುಂದಕ್ಕೆ ಸಾಗುತ್ತಲೇ ಕೆಳಕ್ಕೂ ಇಳಿಯುತ್ತಿರಬೇಕು; ರಾಡಿನ ತುದಿಗೂ ಕೆಲಸಕ್ಕೂ ನಡುವಿನ ಅಂತರ ರಾಡಿನ ದಪ್ಪಕ್ಕಿಂತ ಹೆಚ್ಚಾಗಬಾರದು. 6013 ಜಾತಿಯ 3.15 ಮಿ.ಮೀ. ರಾಡಿಗೆ 90ರಿಂದ 130 ಆಂಪಿಯರ್ ಸಾಕಾಗುತ್ತದೆ, ಆದರೆ ಆ ವ್ಯಾಪ್ತಿಯೊಳಗೆ ಎಲ್ಲಿ ನಿಲ್ಲಬೇಕೆಂಬುದನ್ನು ಮೆಶಿನ್ನಿನ ಅಂಕಿಗಿಂತ ಮಡುವೇ ಚೆನ್ನಾಗಿ ಹೇಳುತ್ತದೆ. ಹೊಸಬನಿಗೆ ಇಲ್ಲಿ ಕಣ್ಣು ಕೋರೈಸುವ ಆರ್ಕ್ ಬಿಟ್ಟು ಬೇರೇನೂ ಕಾಣುವುದಿಲ್ಲ. ನಮ್ಮ ಶೆಡ್ಡಿನ ಹಿರಿಯ ಮೇಸ್ತ್ರಿಗಳು ಬೆನ್ನ ಹಿಂದೆ ನಿಂತು, "ಬೆಳಕ ನೋಡಬ್ಯಾಡಪಾ, ಕಬ್ಬಿಣ ನೀರಾಗೂದನ್ನ ನೋಡು" ಎನ್ನುತ್ತಿದ್ದರು. ಹಾಗೆ ನೋಡತೊಡಗಿದಾಗ, ಕರಗಿದ ಲೋಹವೂ ಅದರ ಮೇಲೆ ತೇಲುವ ಸ್ಲ್ಯಾಗೂ, ಅಂದರೆ ರಾಡಿನ ಲೇಪ ಕರಗಿ ಆದ ಕಿಟ್ಟವೂ, ಬೇರೆಬೇರೆಯಾಗಿ ಹರಿಯುವುದು ಕಾಣುತ್ತದೆ. ಸ್ಲ್ಯಾಗ್ ಯಾವಾಗಲೂ ಹಿಂದೆಯೇ ಉಳಿಯಬೇಕು. ಕರೆಂಟು ಕಡಿಮೆಯಾಗಿಯೋ ರಾಡಿನ ಕೋನ ತಪ್ಪಿಯೋ ಅದು ಮುಂದಕ್ಕೆ ನುಗ್ಗಿದರೆ ಜೋಡಣೆಯೊಳಗೆ ಸಿಕ್ಕಿಬೀಳುತ್ತದೆ, ಮೇಲಿನಿಂದ ಅದು ಕಾಣುವುದೂ ಇಲ್ಲ. ಭಾರ ಹೊರುವ ಕೆಲಸಕ್ಕೆ ನಾನು 7018 ರಾಡನ್ನೇ ಬಳಸುತ್ತೇನೆ. ಅದರ ಲೇಪ ತೇವ ಹೀರಿದರೆ ಹೈಡ್ರೋಜನ್ ಸೇರಿ ಬೆಸುಗೆಯ ಪಕ್ಕದಲ್ಲಿ ಬಿರುಕು ಬರಬಹುದಾದ್ದರಿಂದ, ಪೊಟ್ಟಣ ಒಡೆದ ಮೇಲೆ ಅದನ್ನು ಬಿಸಿ ಓವನ್‌ನಲ್ಲಿಯೇ ಇಡಬೇಕು. ನಮ್ಮ ಕಡೆಯ ಮಳೆಗಾಲದಲ್ಲಿ ಈ ಶಿಸ್ತನ್ನು ಬಿಡುವಂತಿಲ್ಲ.

ಸಿಒಟು ಎಂದರೆ ಮಿಗ್ ಜಾತಿಯ ವೆಲ್ಡಿಂಗ್; ಮಡುವಿಗೆ ಗಾಳಿ ತಾಗದಂತೆ ಕಾಯಲು ಇಂಗಾಲದ ಡೈಆಕ್ಸೈಡ್ ಹರಿಸುವುದರಿಂದ ಈ ಹೆಸರು. ಇಲ್ಲಿಯೂ ಶಾಖ, ಲೋಹ ಎರಡೂ ಒಂದೇ ಕೈಯಲ್ಲಿ. ಸುರುಳಿಯಿಂದ ತಂತಿ ತಾನಾಗಿ ಬರುತ್ತದೆ, ಆರ್ಕಿನ ಉದ್ದವನ್ನು ಮೆಶಿನ್ನೇ ಕಾಯ್ದುಕೊಳ್ಳುತ್ತದೆ, ಸ್ಲ್ಯಾಗ್ ಕುಟ್ಟುವ ಕೆಲಸವಿಲ್ಲ. ಕಲಿಯಲು ಇದಕ್ಕಿಂತ ಸುಲಭವಾದುದು ಇಲ್ಲವೆಂಬ ಮಾತು ನಿಜ, ಮತ್ತು ನನ್ನ ಆತಂಕವೂ ಅದೇ. ಕಡಿಮೆ ವೋಲ್ಟೇಜಿನಲ್ಲಿ ದಪ್ಪ ಪ್ಲೇಟಿನ ಮೇಲೆ ಓಡಿಸಿದ ಮಿಗ್ ಬೆಸುಗೆ ನೋಡಲು ಅಚ್ಚುಕಟ್ಟಾಗಿದ್ದರೂ, ಕೆಳಗಿನ ಲೋಹ ಕರಗದೆ ಅದರ ಮೇಲೆ ಸುಮ್ಮನೆ ಕುಳಿತಿರಬಹುದು. ರಾಡ್‌ನಲ್ಲಿ ಕರೆಂಟು ಸಾಲದಿದ್ದರೆ ರಾಡ್ ಅಂಟಿಕೊಂಡು ಎಚ್ಚರಿಸುತ್ತದೆ. ಮಿಗ್ ಹಾಗೆ ಎಚ್ಚರಿಸುವುದಿಲ್ಲ. ಆದ್ದರಿಂದ ಯಾವ ಹುಡುಗನಿಗೂ ಟ್ರೇಲರ್ ಚಾಸಿಯ ಕೆಲಸ ಕೊಡುವ ಮುನ್ನ ನಾನು ಎರಡು ಪ್ಲೇಟನ್ನು ಟಿ ಆಕಾರದಲ್ಲಿ ನಿಲ್ಲಿಸಿ, ಒಂದೇ ಬದಿಗೆ ಬೆಸುಗೆ ಹಾಕಿಸಿ, ಬೆಸುಗೆಯ ಬೇರಿನ, ಅಂದರೆ ತಳದ, ಕಡೆ ಬಾಯಿ ಬಿಡುವಂತೆ ಸುತ್ತಿಗೆಯಿಂದ ಬಡಿದು ಮುರಿಸುತ್ತೇನೆ. ಮುರಿದ ಮುಖದಲ್ಲಿ ಪ್ಲೇಟಿನ ಹಳೆಯ ಅಂಚು ಹಾಗೆಯೇ ಉಳಿದಿದ್ದರೆ ಕರಗುವಿಕೆ ಆಗಿಲ್ಲವೆಂದೇ ಅರ್ಥ. ಇನ್ನು, ಗಾಳಿ ಬೀಸುವಲ್ಲಿ ರಕ್ಷಕ ಅನಿಲ ಹಾರಿಹೋಗಿ ಬೆಸುಗೆಯ ತುಂಬ ರಂಧ್ರಗಳಾಗುವುದರಿಂದ, ಬಯಲಿನಲ್ಲಿ ಟ್ರಸ್ (ಚಾವಣಿ ಹೊರುವ ಕಬ್ಬಿಣದ ಚೌಕಟ್ಟು) ಏರಿಸುವಾಗ ನಾವು ರಾಡಿಗೇ ಮರಳುತ್ತೇವೆ.

ಟಿಗ್‌ಗೆ, ಅಂದರೆ ಆರ್ಗಾನ್‌ಗೆ, ಬಂದಾಗ ಎರಡು ಕೈಗಳು ಮತ್ತೆ ಬೇರೆಯಾದವು. 3,422 ಡಿಗ್ರಿಯಲ್ಲಿ ಕರಗುವ ಟಂಗ್‌ಸ್ಟನ್ ಸೂಜಿ ಶಾಖವನ್ನಷ್ಟೇ ಕೊಡುತ್ತದೆ. ತಂತಿಯನ್ನು ಎಡಗೈ ಉಣಿಸುತ್ತದೆ. ಗ್ಯಾಸ್‌ನಲ್ಲಿ ಕಲಿತ ಕೈಚಳಕ ಇಲ್ಲಿ ಬಹುತೇಕ ಹಾಗೆಯೇ ಒದಗಿತು. ಡೈರಿಯ ಸ್ಟೇನ್‌ಲೆಸ್ ಪೈಪುಗಳಿಗೆ ಇದೇ ಬೇಕು, ಒಳಬದಿಗೂ ಆರ್ಗಾನ್ ತುಂಬಬೇಕು. ಇಲ್ಲವಾದರೆ ಒಳಗಿನ ಬೆಸುಗೆ ಕಪ್ಪಾಗಿ ಒರಟಾಗುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಯಲ್ಲೇ ಕರಗಿದರೂ ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಆ ಪೊರೆಯನ್ನು ಕೀಳಲೆಂದೇ ಅಲ್ಲಿ ಏಸಿ ಕರೆಂಟು ಬಳಸುತ್ತೇವೆ.

ಯಾವ ವಿಧಾನದ ಆರ್ಕ್ ಆದರೂ ಬಿಸಿಲಿನ ಕನ್ನಡಕ ಹಾಕಿಕೊಂಡು ವೆಲ್ಡ್ ಮಾಡುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನೇರಳಾತೀತ ಕಿರಣ ತಾಗಿದ ಕಣ್ಣು ಕೂಡಲೇ ನೋಯುವುದಿಲ್ಲ; ಕೆಲವು ಗಂಟೆಗಳಾದ ಮೇಲೆ ಮರಳು ಬಿದ್ದಂತೆ ಉರಿಯುತ್ತದೆ. ರಾಡ್ ವೆಲ್ಡಿಂಗ್‌ಗೆ 10 ಅಥವಾ 11ನೇ ಶೇಡಿನ (ಶೇಡ್ ಎಂದರೆ ಗಾಜಿನ ಕಪ್ಪಿನ ಮಟ್ಟ) ಗಾಜು ಇರಲೇಬೇಕು. ಸತುವಿನ ಲೇಪವಿರುವ ಜಿಐ ಪೈಪಾದರೆ ಸತುವಿನ ಹೊಗೆಯಿಂದ ರಾತ್ರಿ ಚಳಿಜ್ವರ ಬರಬಹುದಾದ್ದರಿಂದ, ಬೆಸುಗೆಯ ಜಾಗದ ಲೇಪವನ್ನು ಮೊದಲು ಗ್ರೈಂಡರ್‌ನಿಂದ ತೆಗೆದು, ಗಾಳಿಯಾಡುವಲ್ಲಿ ಕೆಲಸ ಮಾಡಬೇಕು.

ಈಗ ಶೆಡ್ಡಿಗೆ ಬರುವ ಹೊಸ ಹುಡುಗರಿಗೆ ಗ್ಯಾಸ್ ವೆಲ್ಡಿಂಗ್ ಕಲಿಸುವಷ್ಟು ಸಿಲಿಂಡರ್ ಖರ್ಚು ಮಾಡಲು ಆಗುತ್ತಿಲ್ಲ. ಅದರ ಬದಲಿಗೆ ಟಿಗ್ ಟಾರ್ಚ್ ಕೊಟ್ಟು, ತಂತಿಯಿಲ್ಲದೆ, ತುಂಡು ಪ್ಲೇಟಿನ ಮೇಲೆ ಮಡುವನ್ನು ಒಂದೇ ಅಗಲದಲ್ಲಿ ಕೊನೆಯವರೆಗೆ ನಡೆಸಲು ಹೇಳುತ್ತೇನೆ. ಅದು ಕೈಗೆ ಹತ್ತಿದ ಮೇಲೆ ರಾಡ್, ರಾಡ್‌ನಲ್ಲಿ ನಿಂತ ಪ್ಲೇಟಿಗೆ ಕೆಳಗಿನಿಂದ ಮೇಲಕ್ಕೆ ಬೆಸುಗೆ ಹಾಕಲು ಬಂದ ಮೇಲೆ ಮಾತ್ರ ಸಿಒಟು.